ಎಡಗೈ ಮನೆತನ

ಕನ್ನಡಕದಂಗಡಿಯವನು ಆ ತಗಡಿನ ಪೆಟ್ಟಿಗೆ ಕೊಂಡದ್ದು ಸಣ್ಣ ತಿರುಪುಗಳನ್ನು ಹಾಕಿಡಲು. ಒಳಗೇನಿದೆ ಎಂದು ಹಳೆ ಸಾಮಾನು ಮಾರುವವನು ಹೇಳಲಿಲ್ಲ, ಇವನೂ ಕೇಳಲಿಲ್ಲ. ಅಂಗಡಿಗೆ ತಂದು ಮುಚ್ಚಳ ತೆಗೆದರೆ ನೂರ ನಲವತ್ತು ಸ್ಲೈಡುಗಳು, ರಟ್ಟಿನ ಚೌಕಟ್ಟಿನಲ್ಲಿ ಎರಡು ಬೆರಳಗಲದ ಬಣ್ಣದ ಫಿಲ್ಮು, ಸಾಲಾಗಿ ನಿಂತಿದ್ದವು. ಸುರಿದುಬಿಡೋಣ ಎಂದು ಕಸದ ಬುಟ್ಟಿ ಎಳೆದುಕೊಂಡವನು ಒಂದನ್ನು ಸುಮ್ಮನೆ ಕಿಟಕಿಯ ಬೆಳಕಿಗೆ ಹಿಡಿದ. ದಪ್ಪ ಮನುಷ್ಯನೊಬ್ಬ ಗಾಳಿಗೆ ಮಗುಚಿದ ಕೊಡೆಯೊಂದಿಗೆ ಗುದ್ದಾಡುತ್ತಿದ್ದ. ಹಿಂದೆ ನಿಂತ ಹೆಂಗಸು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಷ್ಟು ನಗುವವಳನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲ.

ಗೊತ್ತಿದ್ದ ಫೋಟೋ ಸ್ಟುಡಿಯೋದವನಿಂದ ಸ್ಕ್ಯಾನರ್ ಎರವಲು ತಂದ. ಸ್ಲೈಡಿಗೆ ಒಂದು ಹೊಳೆಯುವ ಮಗ್ಗುಲು, ಒಂದು ಮಂಕು ಮಗ್ಗುಲು ಇರುತ್ತದೆ, ಯಾವುದು ಗಾಜಿನ ಕಡೆಗಿರಬೇಕು ಎಂದು ಸ್ಟುಡಿಯೋದವನು ಎರಡು ಸಲ ಹೇಳಿಕೊಟ್ಟ. ಇವನು ಎರಡು ಸಲವೂ ತಲೆಯಾಡಿಸಿದ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹಿಂದಿನ ಕೋಣೆಯಲ್ಲಿ ಕೆಲಸ ಸಾಗಿತು. ರಬ್ಬರ್ ಬುರುಡೆ ಒತ್ತಿ ಧೂಳು ಊದುವುದು, ಮೆದು ಕುಂಚದಿಂದ ಅಂಚು ಸವರುವುದು, ನಾಲ್ಕು ನಾಲ್ಕಾಗಿ ಸ್ಕ್ಯಾನರಿಗೆ ಕೊಡುವುದು, ಬಂದ ಚಿತ್ರಕ್ಕೆ ನಂಬರು ಹಾಕುವುದು. ಬೂಷ್ಟು ಹಿಡಿದವನ್ನು ಕೊನೆಗೆಂದು ಬೇರೆ ಇಟ್ಟ.

ಮೂರನೇ ದಿನ ಅತ್ತೆ ಬಂದರು. ಅವರು ಇರುತ್ತಿದ್ದುದು ಮಗಳ ಮನೆಯಲ್ಲೇ. ಊಟಕ್ಕೂ ಬಾರದೆ ಈ ಮನುಷ್ಯ ಏನು ಮಾಡುತ್ತಿದ್ದಾನೆ ನೋಡಿ ಬಾ ಎಂದು ಬುತ್ತಿ ಕೊಟ್ಟು ಮಗಳು ಕಳಿಸಿದ್ದಳು. ಪರದೆಯ ಮೇಲೆ ಒಬ್ಬಾಕೆ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ಅಳಿಯಂದಿರೇ, ಈಕೆ ಸೂಜಿ ಹಿಡಿದಿರೋ ಕೈ ನೋಡಿ. ಎಡಗೈ."

ಹಿಂದಿನವನ್ನೆಲ್ಲ ತೆಗೆಸಿ ನೋಡಿದರು. ದಪ್ಪ ಮನುಷ್ಯ ಚಮಚ ಹಿಡಿದದ್ದು ಎಡಗೈಯಲ್ಲಿ. ಅಜ್ಜ ಕಾಗದ ಬರೆಯುತ್ತಿದ್ದದ್ದು ಎಡಗೈಯಲ್ಲಿ. ಮರ ಕೊಯ್ಯುವವನು, ಹಜಾಮತಿ ಮಾಡಿಕೊಳ್ಳುವವನು, ಎಲ್ಲರೂ ಎಡಗೈಯವರೇ. ಅತ್ತೆಯ ಮುಖ ಹೂವಾಯಿತು. ಅವರೂ ಹುಟ್ಟಾ ಎಡಚಿ. ಶಾಲೆಯಲ್ಲಿ ಅಡಿಕೋಲಿನ ಏಟು ತಿಂದು ಬಲಗೈಯಲ್ಲಿ ಬರೆಯಲು ಕಲಿತವರು. ಅಕ್ಷರ ಇವತ್ತಿಗೂ ಕಾಗೆ ಕಾಲು ಗುಬ್ಬಿ ಕಾಲು. ಎಡಗೈಯವಳು ಮುಟ್ಟಿದ್ದೆಲ್ಲ ಎಡವಟ್ಟು ಎಂದು ಕೇಳಿ ಕೇಳಿ ಮುದುಕಿಯಾದವರಿಗೆ ಇಡೀ ಒಂದು ಮನೆತನವೇ ಸಾಕ್ಷಿಗೆ ಎದ್ದು ಬಂದಂತಾಯಿತು.

ಅಂದಿನಿಂದ ಬುತ್ತಿ ಒಂದು ನೆಪ. ತಂಗಿಯರಿಗೆಲ್ಲ ಫೋನು ಹೋಯಿತು. ದಿನಸಿಯ ಪಟ್ಟಿಯನ್ನು ಎಡಗೈಯಲ್ಲಿ ಬರೆಯತೊಡಗಿದರು. ಅವರ ಕಣ್ಣಿಗೆ ಕಸವಾದವಳು ಒಬ್ಬಳೇ: ಕೆಂಪು ರಿಬ್ಬನ್ನಿನ ಒಂದು ಹುಡುಗಿ. ಅವಳು ಮಾತ್ರ ಎಲ್ಲ ಚಿತ್ರದಲ್ಲೂ ಬಲಗೈ ಮುಂದೆ ಮಾಡುತ್ತಿದ್ದಳು. ಇಂಥ ಮನೆಯಲ್ಲಿ ಹುಟ್ಟಿ ಇವಳಿಗೇನು ಬಂತು ಧಾಡಿ ಎಂದು ಅತ್ತೆ ದಿನವೂ ಬೈದರು.

ಹತ್ತನೇ ದಿನ ತೊಂಬತ್ತೊಂದನೇ ಸ್ಲೈಡು ಬಂತು. ಮನೆಯವರೆಲ್ಲ ಒಂದು ಬೇಕರಿಯ ಮುಂದೆ ನಿಂತಿದ್ದರು. ತಲೆಯ ಮೇಲಿನ ಬೋರ್ಡಿನ ಅಕ್ಷರಗಳು ಉಲ್ಟಾ.

ಕನ್ನಡಕದವನು ಸ್ಲೈಡನ್ನು ಹೊರತೆಗೆದು ನೋಡಿದ. ಮಂಕು ಮಗ್ಗುಲು ಇರಬೇಕಾದ ಕಡೆ ಹೊಳೆಯುವ ಮಗ್ಗುಲು ಇಟ್ಟಿದ್ದ, ಒಂದಲ್ಲ, ತೊಂಬತ್ತೊಂದರಲ್ಲೂ. ಚಿತ್ರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಎಡ ಬಲವಾಗಿದ್ದವು. ಇಕ್ಕಟ್ಟಿನ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಉಲ್ಟಾ ಅಕ್ಷರದ ಹಲಗೆಯನ್ನು ಕನ್ನಡಿಯಲ್ಲಿ ನೆಟ್ಟಗೆ ತೋರಿಸಿಯೇ ಅವನು ಇಪ್ಪತ್ತೆಂಟು ವರ್ಷ ಹೊಟ್ಟೆ ಹೊರೆದಿದ್ದ. ಎಡ ಬಲ ತಿಳಿಯದೆ ಹೋದದ್ದು ಅವನಿಗೇ.

ಅಂದು ಅತ್ತೆ ಬಂದಿರಲಿಲ್ಲ, ಅದೊಂದು ಪುಣ್ಯ. ನೀನೇ ಹೇಳಿಬಿಡು ಎಂದು ಹೆಂಡತಿಯನ್ನು ಕೇಳಿಕೊಂಡ. ತಿರುವಿಟ್ಟವರು ನೀವು, ಹೇಳುವವರೂ ನೀವೇ ಎಂದು ಅವಳು ದಿಂಬಿಗೆ ತಲೆ ಕೊಟ್ಟಳು.

ಮರುದಿನ ಅತ್ತೆ ಬುತ್ತಿ ಬಿಚ್ಚುವ ಮುಂಚೆಯೇ ಹೇಳಿದ. ಮಂಕು ಮಗ್ಗುಲಿನಿಂದ ಶುರುಮಾಡಿ, ಬೋರ್ಡು ತೋರಿಸಿ, ಕೊನೆಗೆ ನೆಲ ನೋಡುತ್ತ ನಿಂತ.

"ಅಂದ್ರೆ ಎಲ್ಲರೂ ಬಲಗೈಯವರೇ?"

"ಎಲ್ಲರೂ, ಅತ್ತೆ."

ಅವರು ಸ್ಟೂಲಿನ ಮೇಲೆ ಕೂತರು. ಅರವತ್ತು ವರ್ಷದ ಅವಮಾನ ಒಂದೇ ಮಧ್ಯಾಹ್ನದಲ್ಲಿ ವಾಪಸು ಬಂದು ಪಕ್ಕದಲ್ಲಿ ಕೂತಂತಿತ್ತು. ಇವನಿಗೆ ಸ್ಕ್ಯಾನರನ್ನೇ ಎತ್ತಿ ತಲೆಗೆ ಹೊಡೆದುಕೊಳ್ಳೋಣ ಅನ್ನಿಸಿತು. ಆದರೆ ಅದು ಸ್ಟುಡಿಯೋದವನದು.

ಆಮೇಲೆ ಅತ್ತೆ ತಲೆಯೆತ್ತಿದರು. "ಹಾಗಾದ್ರೆ ಆ ರಿಬ್ಬನ್ನಿನವಳು?"

ಇವನಿಗೆ ಅದು ಹೊಳೆದಿರಲೇ ಇಲ್ಲ. ಚಿತ್ರ ತೆಗೆದು ತಿರುಗಿಸಿದ. ಬಲಗೈಯವರ ಸಾಲಿನ ತುದಿಯಲ್ಲಿ ಆ ಹುಡುಗಿ ಎಡಗೈಯಲ್ಲಿ ಚಮಚ ಹಿಡಿದು, ಯಾರಿಗೂ ಹೆದರದೆ ನೋಡುತ್ತಿದ್ದಳು.

ಅತ್ತೆ ಪರದೆಯ ಹತ್ತಿರ ಹೋದರು. "ತಪ್ಪಾಯ್ತು ಕಣಮ್ಮ," ಎಂದರು. "ನಮ್ಮವಳನ್ನೇ ಬೈದೆ."

ಬೋರ್ಡು ಈಗ ನೆಟ್ಟಗಾಗಿ ಓದಲು ಬರುತ್ತಿತ್ತು. ವಿಚಾರಿಸಿದರೆ ಬೇಕರಿ ಇನ್ನೂ ಇತ್ತು, ಎರಡು ಬಸ್ಸು ಬದಲಿಸಬೇಕು ಅಷ್ಟೆ. ಭಾನುವಾರ ಇಬ್ಬರೂ ಮುದ್ರಿಸಿದ ಚಿತ್ರಗಳ ಆಲ್ಬಮ್ ಹಿಡಿದು ಹೋದರು. ಕೌಂಟರಿನ ಹಿಂದೆ ಅರವತ್ತರ ಹತ್ತಿರದ ಹೆಂಗಸು ಕೇಕಿನ ಮೇಲೆ ಹೆಸರು ಬರೆಯುತ್ತಿದ್ದಳು. ಅತ್ತೆ ಮುಖ ನೋಡಲಿಲ್ಲ, ಕೈ ನೋಡಿ ಅಳಿಯನ ತೋಳು ಚಿವುಟಿದರು.

ರಿಬ್ಬನ್ನಿನ ಹುಡುಗಿ ಅವಳೇ. ಮನೆ ಖಾಲಿ ಮಾಡುವಾಗ ಅವಳ ಅಣ್ಣ ಅಟ್ಟದ ಸಾಮಾನನ್ನೆಲ್ಲ ಗುಜರಿಗೆ ಹಾಕಿದ್ದನಂತೆ. ಬೇಕರಿಯಾಕೆ ಕೈ ತೊಳೆದು ಒರೆಸಿಕೊಂಡು ಬಂದು ಒಂದೊಂದೇ ಹಾಳೆ ತಿರುವಿದಳು. ಅಮ್ಮನ ಚಿತ್ರ ಬಂದಾಗ ಮಾತ್ರ ತಿರುವುವುದು ನಿಂತಿತು. ಒಲೆಯ ಗಂಟೆ ಬಾರಿಸಿತು, ಒಳಗಿನಿಂದ ಯಾರೋ ಕರೆದರು. ಅವಳು ಹಾಳೆಯ ಮೇಲಿಂದ ಕೈ ತೆಗೆಯಲಿಲ್ಲ.

ಅತ್ತೆ ಬಿಡುವವರಲ್ಲ. ಅಳಿಯ ಹತ್ತು ದಿನ ಎಲ್ಲರನ್ನೂ ಉಲ್ಟಾ ಮಾಡಿದ್ದನ್ನೂ, ಹುಡುಗಿಯನ್ನು ತಾನು ಯಾಕೆ ಬೈದೆ ಎಂಬುದನ್ನೂ ಒಪ್ಪಿಸಿಬಿಟ್ಟರು. ಬೇಕರಿಯಾಕೆ ಕಣ್ಣೊರೆಸಿಕೊಂಡು ಕನ್ನಡಕದವನ ಕಡೆ ತಿರುಗಿದಳು.

"ನನ್ನನ್ನ ಬಲಗೈಯವಳು ಮಾಡೋಕೆ ಮನೆಯವರೆಲ್ಲ ಸೇರಿ ಹತ್ತು ವರ್ಷ ಒದ್ದಾಡಿದ್ರು. ನೀವು ಹತ್ತೇ ದಿನಕ್ಕೆ ಮಾಡಿದ್ರಲ್ಲ."

ಸ್ಲೈಡುಗಳನ್ನು ಅವಳು ವಾಪಸು ಪಡೆಯಲಿಲ್ಲ. ಬೇಕರಿಯ ಹಿಟ್ಟಿನ ಪುಡಿ, ಒಲೆಯ ಶಾಖ ಎರಡೂ ಅವಕ್ಕೆ ಆಗಿಬರುವುದಿಲ್ಲ, ನಿಮ್ಮಲ್ಲೇ ಇರಲಿ ಎಂದಳು. ಕನ್ನಡಕದವನು ಎಲ್ಲವನ್ನೂ ಸರಿಯಾದ ಮಗ್ಗುಲಲ್ಲಿ ಮತ್ತೆ ಸ್ಕ್ಯಾನ್ ಮಾಡಿ, ಕಿಸೆಗಳಿರುವ ಪಾರದರ್ಶಕ ಹಾಳೆಗಳಲ್ಲಿ ಸೇರಿಸಿಟ್ಟ. ಬೂಷ್ಟು ಹಿಡಿದವು ಇನ್ನೂ ಉಳಿದಿದ್ದವು. ಅದಕ್ಕೆಂದು ಬೇಕರಿಯಾಕೆ ರಜೆಯ ದಿನ ಮಧ್ಯಾಹ್ನ ಬಂದು, ಮಸುಕು ಮುಖಗಳಲ್ಲಿ ಯಾರು ಯಾರೆಂದು ಹೇಳತೊಡಗಿದಳು. ಅತ್ತೆ ಸುಮ್ಮನೆ ಒಪ್ಪುತ್ತಿರಲಿಲ್ಲ. ತನ್ನ ಸ್ವಂತ ಚಿಕ್ಕಪ್ಪ ಯಾರೆಂಬುದಕ್ಕೂ ಆಕೆ ಅತ್ತೆಯೊಡನೆ ವಾದಿಸಬೇಕಾಗುತ್ತಿತ್ತು, ಮೂರಕ್ಕೆ ಎರಡು ಸಲ ಅತ್ತೆಯೇ ಗೆಲ್ಲುತ್ತಿದ್ದರು.