ಮೂರು ನಿಮಿಷದ ಗಡಿಯಾರ

ಟಿಕ್ ಟಿಕ್ ನಿಂತುಹೋಯಿತು, ವಾಚ್ ರಿಪೇರಿ ರಹಮತ್ತುಲ್ಲಾ ಸಾಹೇಬರು ಹಿಂದಿನ ಮುಚ್ಚಳಕ್ಕೆ ಚಾಕುವಿನ ತುದಿ ಇಟ್ಟರು, ಅಯ್ಯೋ ಮೆಲ್ಲಗೆ, ಇಷ್ಟು ವರ್ಷ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ಮುಟ್ಟದ ಸ್ಟಾಪ್‌ವಾಚು — ಮುಟ್ಟದ? ಅಲ್ಲೇ ಅಲ್ಲವೇ ಅನುಮಾನ, ದಿನಾ ಬೆಳಗ್ಗೆ ಸ್ನಾನ ಮಾಡಿ, ತೊಳೆದ ಬಟ್ಟೆಯಲ್ಲಿ ಗಾಜು ಒರೆಸಿ, ಕೀ ಕೊಡುವಾಗ ಮನಸ್ಸಿನಲ್ಲೇ ನಾರಾಯಣ ನಾರಾಯಣ, ಬಿಗಿಯಾಗುವ ಮೊದಲೇ ಬೆರಳು ನಿಲ್ಲಿಸಬೇಕು, ಸ್ಪ್ರಿಂಗಿಗೂ ಜೀವ ಇರುತ್ತೆ, ಹಿಂಸೆ ಮಾಡಬಾರದು, ಆಮೇಲೆ ಮಾಲೂರು ಸ್ಟ್ಯಾಂಡಿನಲ್ಲಿ ಕೂತು ಒಂದೊಂದು ಪ್ರೈವೇಟ್ ಬಸ್ಸಿಗೂ ಮೂರು ನಿಮಿಷ, ಅಷ್ಟರೊಳಗೆ ಜನ ಹತ್ತಿಸಿಕೊಂಡು ಹೊರಡಬೇಕು, ಟೈಂಕೀಪರ್ ಅಪ್ಪಾಜಪ್ಪ ಸೀಟಿ ಊದಿದ ಅಂದ್ರೆ ಓನರುಗಳೂ ಮರುಮಾತಾಡಲ್ಲ — ಆಡ್ತಿರಲಿಲ್ಲ, ಹೋದ ವಾರ ಹಿಂದಿನ ಬಸ್ಸಿನ ಡ್ರೈವರ್ ಮುರಳೀಕೃಷ್ಣ, ಏನ್ ಯಜಮಾನ್ರೇ, ಮಾಸ್ತಿ ಬಸ್ಸಿಗೆ ನಾಲ್ಕು ನಿಮಿಷ ಆಯ್ತು, ಅಳಿಯನ ಗಾಡೀನಾ? ಅಂದನಲ್ಲ, ಎಲ್ಲರೂ ನಕ್ಕರಲ್ಲ, ಮಾಸ್ತಿ ಬಸ್ಸಿನ ಕಂಡಕ್ಟರ್ ಶಾರುಖ್, ಅವನೇ, ದಿನಾ ಟೀ ತರೋನು, ನೀವು ಕುಡೀರಿ ತಾತಾ, ವಾಚು ನಾನು ಹಿಡ್ಕೊಂಡಿರ್ತೀನಿ ಅನ್ನೋನು, ಸುಮ್ಮಸುಮ್ಮನೆ ಯಾರು ಟೀ ಕುಡಿಸ್ತಾರೆ, ಓನರ್ ಚನ್ನರಾಯಪ್ಪನ ಕಿವಿಗೆ ಹಾಕಿದೆ, ನಿಮ್ಮ ಕಂಡಕ್ಟರು ವಾಚು ನಿಧಾನ ಮಾಡಿ ನಿಮಿಷ ಕದೀತಾನೆ ಅಂತ, ಇವತ್ತು ಬೆಳಗ್ಗೆ ಅವನ ಹೆಗಲಿಂದ ಟಿಕೆಟ್ ಬ್ಯಾಗು ಇಳಿಸಿಬಿಟ್ಟರು, ಅವನು ಜಗಳ ಆಡಲಿಲ್ಲ, ಬಿಚ್ಚಿಸಿ ತಾತಾ, ಬಿಚ್ಚಿಸಿ ನೋಡೇಬಿಡೋಣ ಅಂದ, ಈಗ ಅಂಗಡಿ ಬಾಗಿಲಲ್ಲಿ ನಿಂತಿದ್ದಾನೆ, ಸಾಹೇಬರು ಅವನಿಗೇನೋ ಉರ್ದುನಲ್ಲಿ ಅಂದರು, ಏನಂದರು? ಒಂದೇ ಮಸೀದಿ ಇಬ್ಬರಿಗೂ, ಮುಚ್ಚಿಹಾಕ್ತಾರೋ ಏನೋ — ಏನಂದ್ರಿ ಸಾಹೇಬ್ರೇ? ಬೆಳಕಿಗೆ ಅಡ್ಡ ನಿಂತಿದ್ದಾನೆ, ಆ ಕಡೆ ಹೋಗೋ ಅಂದೆ ಕಣ್ರೀ, ಅದಕ್ಕೂ ಸೀಟಿ ಊದ್ತೀರಾ — ಮುಚ್ಚಳ ಬಂತು, ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಸಣ್ಣ ಚಿಮಟ, ಕಾಯ್ತಿದೀನಿ, ಸಿಕ್ಕಲಿ, ಅವನ ಕಳ್ಳತನ ಸಿಕ್ಕಲಿ, ಇದೆಂಥ ಪ್ರಾರ್ಥನೆ ಅಪ್ಪಾ ದೇವರೇ — ಅಪ್ಪಾಜಪ್ನೋರೇ, ಇದನ್ನ ಯಾರೂ ಬಿಚ್ಚಿಲ್ಲ, ಸ್ಕ್ರೂ ಮೇಲೆ ಒಂದು ಗೀರಿಲ್ಲ, ಆದ್ರೆ ಇದೇನು ಅಂಟು ಅಂಟು, ಕೀ ಸಂದಿಯಿಂದ ಇಳಿದಿದೆ, ಮೂಸಿ ನೋಡಿ, ಎಳ್ಳೆಣ್ಣೆ, ಅದಕ್ಕೇ ವಾಚು ನಿಧಾನ — ಚಿಮಟದ ತುದಿಯಲ್ಲಿ ಕೆಂಪು, ಎಳ್ಳೆಣ್ಣೆ, ಶುಕ್ರವಾರ ಶುಕ್ರವಾರ ದೀಪದ ಬತ್ತಿ ಸರಿಮಾಡಿದ ನನ್ನ ಬೆರಳು, ಅದೇ ಬೆರಳಿಗೆ ಕುಂಕುಮ, ಅನ್ನ ಕೊಡೋ ವಸ್ತು ಅಂತ ಕೀ ಮೇಲೊಂದು ಬೊಟ್ಟು, ಸರಾಗ ತಿರುಗಲಿ ಅಂತ ದೀಪದಿಂದಲೇ ಒಂದು ತೊಟ್ಟು, ಭಗವಂತಾ, ಎಷ್ಟು ಶುಕ್ರವಾರ — ಏನದು ತಾತಾ ಕೆಂಪಗೆ? ಶಾರುಖ್ ಬಗ್ಗಿ ನೋಡ್ತಿದಾನೆ, ಗೊತ್ತಿಲ್ಲದೆ ಕೇಳಿದನೋ, ಗೊತ್ತಿದ್ದೇ ಕೇಳಿದನೋ, ಛೀ, ಇನ್ನೂ ಅನುಮಾನವೇ ನನಗೆ, ಹೇಳು, ಚನ್ನರಾಯಪ್ಪಗೆ ಫೋನು ಮಾಡು, ಬ್ಯಾಗು ವಾಪಸ್ ಕೊಡಿ ಅನ್ನು, ಸಾಹೇಬರು ಒರೆಸ್ತಿದಾರೆ, ಹತ್ತಿ ಕೆಂಪು, ಇನ್ನೊಂದು ಹತ್ತಿ, ಅದೂ ಕೆಂಪು, ನಾನೇ ಅಂತ ಒಂದು ಮಾತು ಸಾಕು, ಹಲ್ಲುಚಕ್ರದ ಸಂದಿಯಲ್ಲಿ ಇನ್ನೂ ಕೆಂಪು, ಕೆಂಪು, ಆ ಕೆಂಪು —