ತನ್ನ ಪ್ಲಗ್ ತಾನೇ ಆರಿಸುವ ಯಂತ್ರ

ನಮ್ಮ ಪ್ರಯೋಗಾಲಯದ ಹದಿನಾರು ಯಂತ್ರಗಳ ವಿದ್ಯುತ್ತನ್ನು ದೂರದಿಂದಲೇ ಆರಿಸಿ ಹೊತ್ತಿಸುವ ಕರ್ನಲ್ ಡ್ರೈವರ್ ಎಂಬ ತಂತ್ರಾಂಶವನ್ನು ನಾನು ಬರೆದಿದ್ದೆ. ಆಜ್ಞೆ ಕೊಡುವ ಯಂತ್ರವೂ ಆ ಹದಿನಾರರಲ್ಲೊಂದು. ಅದು ತನ್ನ ಪ್ಲಗ್ಗನ್ನೇ ಆರಿಸಲು ಹೊರಟರೆ ಡ್ರೈವರ್ ಒಪ್ಪದಂತೆ ಒಂದು ತಡೆ ಇಟ್ಟಿದ್ದೆ. ಅದಿಲ್ಲದಿದ್ದರೆ, ಗ್ರಾಹಕರ ಬೀಗ ಹಾಕಿದ ಕೋಣೆಯಲ್ಲಿ ಒಂದು ಕೈತಪ್ಪಿಗೆ ಆಜ್ಞೆ ಕೊಡುವ ಯಂತ್ರವೇ ಸತ್ತು, ಮತ್ತೆ ಹೊತ್ತಿಸಲು ದಾರಿಯೇ ಇರುವುದಿಲ್ಲ.

ನಮ್ಮ ಮುಖ್ಯ ವಿನ್ಯಾಸಕರನ್ನು ನಾವು ಬೆನ್ನ ಹಿಂದೆ ಬೃಹಸ್ಪತಿ ಎನ್ನುತ್ತಿದ್ದೆವು. ಅವರು ಆ ತಡೆಯನ್ನು ನೋಡಿ ನಕ್ಕರು.

“ಏನಮ್ಮಾ ಇದು, ತನ್ನ ಪ್ಲಗ್ ತಾನೇ ಆರಿಸ್ಕೊಳ್ಳೋ ದಡ್ಡ ಯಾರಿರ್ತಾನೆ? ತೆಗಿ ಅದನ್ನ.”

“ಒಬ್ಬರಾದ್ರೂ ಇರ್ತಾರೆ ಸರ್.”

“ಇದ್ರೆ ನಂಗೆ ತೋರ್ಸು.”

ತೆಗೆದೆ. ಮಂಗಳವಾರ ನಿರ್ದೇಶಕಿಯ ಮುಂದೆ ಪ್ರದರ್ಶನ. ಕೀಬೋರ್ಡು ಮುಟ್ಟಿ ವರ್ಷಗಳಾಗಿದ್ದ ಬೃಹಸ್ಪತಿಗಳು ತಾವೇ ಕೂತರು. ಒಂದೊಂದಾಗಿ ಆರಿಸುವುದು ಅವರ ಘನತೆಗೆ ಕಡಿಮೆ. ಎಲ್ಲವನ್ನೂ ಒಟ್ಟಿಗೆ ಆರಿಸುವ ಆಜ್ಞೆ ಕೊಟ್ಟರು. ಹದಿನಾರೂ ಆರಿದವು. ಮತ್ತೆ ಹೊತ್ತಿಸಲೆಂದು ಅವರು ಕಪ್ಪು ಪರದೆಯ ಮುಂದೆ ಬಹಳ ಹೊತ್ತು ಕೀಲಿ ಕುಟ್ಟಿದರು.

“ಈಗೇನು ಮಾಡ್ಬೇಕು?” ಎಂದರು ನಿರ್ದೇಶಕಿ.

“ಯಾರಾದ್ರೂ ಹೋಗಿ ಕೈಯಲ್ಲೇ ಸ್ವಿಚ್ ಹಾಕ್ಬೇಕು ಮೇಡಂ,” ಎಂದೆ.

“ದೂರದಿಂದ ಅಂದಿದ್ರಲ್ಲ?”

“ಎಂಟು ಹೆಜ್ಜೆ ದೂರ ಇದೆ ಮೇಡಂ.”

ಬೃಹಸ್ಪತಿಗಳೇ ಎದ್ದು ಹೋಗಿ ಹಾಕಿದರು.

ಮರುದಿನ ಎಲ್ಲರಿಗೂ ಅವರ ಮೇಲ್ ಬಂತು: ಇಂಥದ್ದೊಂದು ತಡೆ ಬೇಕೆಂದು ಅವರಿಗೆ ಮೊದಲಿನಿಂದಲೂ ಅನಿಸಿತ್ತಂತೆ. ನಾನು ತಡೆಯನ್ನು ಮತ್ತೆ ಸೇರಿಸಿದೆ. ಇಂಥ ಬದಲಾವಣೆಯ ಟಿಪ್ಪಣಿಯ ಕೊನೆಗೆ, ದೋಷವನ್ನು ಪತ್ತೆಹಚ್ಚಿದವರ ಹೆಸರು ಬರೆಯುವುದು ನಮ್ಮಲ್ಲಿ ಪದ್ಧತಿ. ಅಲ್ಲಿ ಅವರ ಹೆಸರನ್ನೇ ಪೂರ್ತಿಯಾಗಿ, ಹುದ್ದೆಸಮೇತ ಬರೆದೆ.