ಆನೆಗೊಂದು ಬಾಗಿಲು

ಮಹದೇವಮ್ಮನ ಮೊರದಲ್ಲಿ ಇಲ್ಲದ ಪ್ರಾಣಿಯೇ ಇರಲಿಲ್ಲ. ಜರಡಿ ಹಿಡಿದ ರಾಗಿಹಿಟ್ಟನ್ನು ಮೊರದಲ್ಲಿ ತೆಳ್ಳಗೆ ಹರಡಿಕೊಂಡರೆ ಸಾಕು, ಅವಳ ತೋರುಬೆರಳು ತಾನಾಗಿ ಹೊರಡುತ್ತಿತ್ತು. ಒಂದು ಸುತ್ತು ಬಂದರೆ ಆನೆ, ಅಲ್ಲೇ ಸ್ವಲ್ಪ ಕೊಂಕಿದರೆ ನರಿ, ನಡುವೆ ಸುಮ್ಮನೆ ಎಳೆದ ಅಲೆಅಲೆ ಗೀಟೇ ಹೊಳೆ. ಬೆರಳು ಓಡಿದಂತೆ ಕತೆಯೂ ಓಡುತ್ತಿತ್ತು. ಕತೆ ಮುಗಿಯಿತೋ, ಮೊರ ಕೊಡವುತ್ತಿದ್ದಳು. ಆನೆಯೂ ಇಲ್ಲ, ಹೊಳೆಯೂ ಇಲ್ಲ, ಬರೀ ಹಿಟ್ಟು. ಆ ಹಿಟ್ಟು ಸಂಜೆಗೆ ಮುದ್ದೆ.

"ಅಳಿಸಬ್ಯಾಡ ಅಜ್ಜಿ" ಎಂದು ಮೊಮ್ಮಗಳು ಕವನ ಚಿಕ್ಕಂದಿನಲ್ಲಿ ಮೊರದ ಅಂಚು ಹಿಡಿದು ಅತ್ತದ್ದಕ್ಕೆ ಲೆಕ್ಕವಿಲ್ಲ. ಅಜ್ಜಿಯದು ಒಂದೇ ಮಾತು. "ಕತ ಮುಗುದ್ ಮೇಲ ಪ್ರಾಣಿಯ ಮನಗ ಕಳಿಸ್ಬೇಕು ಕನ ಕೂಸು. ಕೂಡಾಕ್ಬಾರ್ದು."

ಆ ಕವನ ಈಗ ನಂಜನಗೂಡಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದಳು. ಶನಿವಾರ ಬಂತೆಂದರೆ ಬಸ್ಸು ಹತ್ತಿ ಟಿ. ನರಸೀಪುರದ ಮನೆ ಸೇರುತ್ತಿದ್ದಳು. ಅದು ಎರಡು ಸಾವಿರದ ಏಳನೆಯ ಇಸವಿ. ನಂಜನಗೂಡಿನ ಬಜಾರು ಬೀದಿಯ ಬ್ರೌಸಿಂಗ್ ಸೆಂಟರಿನಲ್ಲಿ ಅವಳಿಗೊಂದು ಹೊಸ ಗೀಳು ಹತ್ತಿತ್ತು. ಇಂಟರ್‌ನೆಟ್ಟಿನಲ್ಲಿ ಡಿಜಿಟಲ್ ಸ್ಟ್ಯಾಂಪ್ ಎನ್ನುವ ಚಿತ್ರಗಳು ಸಿಗುತ್ತಿದ್ದವು. ಬರೀ ಕಪ್ಪು ಗೆರೆಯ ಚಿತ್ರ. ರಬ್ಬರಿನ ಅಚ್ಚೂ ಬೇಡ, ಇಂಕಿನ ಪ್ಯಾಡೂ ಬೇಡ. ಪ್ರಿಂಟ್ ತೆಗೆದು ಬಣ್ಣ ತುಂಬಿದರೆ ಚೆಂದದ ಕಾರ್ಡು. ಖಾಲಿ ಉಳಿದ ಕಡೆಯೆಲ್ಲ ಕವನ ತನಗೆ ತೋಚಿದ ಬಳ್ಳಿ, ಸುಳಿ, ಚುಕ್ಕಿಗಳನ್ನು ಗೀಚಿ ತುಂಬುತ್ತಿದ್ದಳು. ನೋಟ್ಸಿನ ಅಂಚಿನಲ್ಲೆಲ್ಲ ಗೀಚಿ ಮೇಷ್ಟ್ರಿಂದ ಬೈಸಿಕೊಂಡು ಪಳಗಿದ ಕೈ ಅದು.

ಅಕ್ಕ ಇಂದ್ರಾಣಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಗುವಿಗೆ ಹೆಸರಿಡುವ ದಿನ ಗೊತ್ತಾದ ಕೂಡಲೇ "ಕರೆಯೋಲೆ ನನ್ನದು" ಎಂದು ಕವನ ಮಾತು ಕೊಟ್ಟಳು. ಆ ಶನಿವಾರವೇ ಕರಡಿಯ ಸ್ಟ್ಯಾಂಪಿನದೊಂದು ಮಾದರಿ ಮಾಡಿ ತಂದಳು.

ಮಹದೇವಮ್ಮ ಅದನ್ನು ಬೆಳಕಿಗೆ ಹಿಡಿದಳು. "ಇದ್ಯಾಕ ಈ ಕಲ್ಡಿ ಕುತ್ಗಗ ಟವಲ್ ಸುತ್ಕಂಡದ? ಜ್ವರವಾ?"

"ಅದು ಮಫ್ಲರ್ ಅಜ್ಜಿ. ಅವರ ದೇಶದಲ್ಲಿ ಚಳಿ."

"ಅದ್ಸರಿ," ಎಂದಳು ಇಂದ್ರಾಣಿ, ಮಗುವಿನ ಟೋಪಿಯ ದಾರ ಕಟ್ಟುತ್ತಾ. "ನನ್ ಮಗೀನ್ ಹೆಸರಿಕ್ಕೋಕೆ ಬಂದಿರೋ ಈ ಕರಡೀನ ಯಾವ ಕಡೆ ನೆಂಟ್ರು ಅಂತ ಕರೀಲೇ? ನಿಮ್ ಭಾವನ ಕಡೆಯೋರಾ?"

ಎಲ್ಲರೂ ನಕ್ಕರು. ಕವನಳೂ ನಕ್ಕಳು. ಆದರೆ ಅವಳ ಕಣ್ಣು ಗೋಡೆಗೆ ಒರಗಿಸಿದ್ದ ಮೊರದ ಮೇಲೆ ಬಿತ್ತು. ಇಷ್ಟು ವರ್ಷ ಹಿಟ್ಟಾಗಿ ಹೋದ ಆನೆಗಳೆಲ್ಲ ಒಟ್ಟಿಗೆ ಎದ್ದು ಬಂದಂತಾಯಿತು.

"ಅಜ್ಜಿ, ನಿನ್ನ ಆನೆ ಕೊಡು. ಕಾಗದದ ಮೇಲೆ ಒಂದೇ ಒಂದು ಬರೆದುಕೊಡು, ಸಾಕು. ನಾನು ಅದನ್ನೇ ಸ್ಟ್ಯಾಂಪ್ ಮಾಡಿಸ್ತೀನಿ. ಅಳಿಸಿಹೋಗಲ್ಲ."

ಅಜ್ಜಿಯ ನಗು ನಿಂತಿತು. "ಅಳುಸ್ದೇ ಇದ್ರೇ ತೊಂದ್ರ. ಒಂದ್ ಊರ್ಲಿ ಒಬ್ಳು ಮುದ್ಕಿ, ನನ್ನಂಗೇ. ಕತ ಏಳ್ತಾ ಏಳ್ತಾ ನಿದ್ದ ಓಗ್ಬುಟ್ಲು, ಮೊರ ಕೊಡವ್ನಿಲ್ಲ. ಆನ ಅಲ್ಲೇ ನಿಂತ್ಕತ್ತು. ಮನಗ ಓಗಕ ದಾರಿ ಕಾಣದು. ಒಟ್ಟ ಅಸೀತು. ಬೆಳಗಾಗಗಂಟ ವಾಡದಲ್ಲಿ ತುಂಬಿ ಮಡಗಿದ್ದ ರಾಗಿಯೆಲ್ಲ ತಿಂದಾಕ್ತು. ಆದ್ರೂ ಅಸಿವು ತೀರ್ನಿಲ್ಲ. ಯಾಕೇಳು?"

"ಯಾಕೆ?"

"ಅದ್ಕ ಬೇಕಾಗಿದ್ದು ರಾಗಿಯಲ್ಲ. ಕತ."

ಕವನ ಚಿಕ್ಕವಳಿದ್ದಾಗ ಮೊರದ ಅಂಚು ಹಿಡಿದಂತೆ ಈಗ ಅಜ್ಜಿಯ ಸೆರಗಿನ ತುದಿ ಹಿಡಿದು ಕೂತಳು. ಆ ಹಿಡಿತಕ್ಕೆ ಮಹದೇವಮ್ಮ ಸೋತಳು. ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿಕೊಂಡು, ಸ್ಕೆಚ್ ಪೆನ್ನನ್ನು ಬೆರಳಿಗೇ ಒತ್ತಿ ಹಿಡಿದು, ಗೀಟೆಳೆದಳು. ಸೊಂಡಿಲು, ಕುಂಭಸ್ಥಳ, ಬೆನ್ನು. ಬಾಲದ ಹತ್ತಿರ ಬರುತ್ತಲೇ ಪೆನ್ನು ಎತ್ತಿದಳು. ಅಲ್ಲಿ ಒಂದು ಬೆರಳಗಲ ಜಾಗ ಬಿಟ್ಟು ಮುಂದೆ ಕಾಲು ಬರೆದಳು.

"ಇದು ಅದ್ರ ಬಾಗ್ಲು. ಬೇಕಾದಾಗ ಎದ್ದೋಯ್ತದ. ಈ ಬಾಗ್ಲ ಮುಚ್ಚಿದ್ರ ಕಾರ್ಡ್ ಒಬ್ಬರ ಮನಗೂ ಕೊಡಬ್ಯಾಡ. ನನ್ ಕೈಯ ಆನ ಕಂಡೋರ್ ಮನೇಲಿ ಉಪಾಸ ನಿಲ್ಬಾರ್ದು. ಆಣ ಮಾಡು."

"ಆಣೆ ಅಜ್ಜಿ."

ಬ್ರೌಸಿಂಗ್ ಸೆಂಟರಿನ ಒಡೆಯ ಜಗನ್ ಆನೆಯನ್ನು ಸ್ಕ್ಯಾನ್ ಮಾಡಿ ತೆರೆಯ ಮೇಲೆ ತಂದಾಗ ಕವನ ಮುಂದೆ ಬಾಗಿ ನೋಡಿದಳು. ಮೊರದಲ್ಲಿ ಎಂದೂ ನಿಲ್ಲದ ಆನೆ ಅಲ್ಲಿ ನಿಂತಿತ್ತು. ಮೈಸೂರಿನಿಂದ ತಂದಿದ್ದ ದಪ್ಪ ಹಾಳೆಯ ಕಟ್ಟನ್ನು ಪೂರ್ತಿ ಅವನ ಕೈಗಿಟ್ಟು, ಶುಕ್ರವಾರಕ್ಕೆ ಬೇಕೆಂದು ಹೇಳಿ ಕಾಲೇಜಿಗೆ ಓಡಿದಳು. ಬಾಗಿಲಿನ ವಿಷಯ ಅವನಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ. ಅಜ್ಜಿಯ ಮಾತನ್ನು ಅವನಿಗೆ ಹೇಳುವುದಾದರೂ ಏನಿತ್ತು?

ಶುಕ್ರವಾರ ಜಗನ್ ಮುಖ ಅರಳಿಸಿಕೊಂಡು ಕಾದಿದ್ದ. ಹಾಳೆಯೆಲ್ಲ ಅಚ್ಚಾಗಿತ್ತು. ಮೇಲೆ ಒಂದು ಆನೆಗೆ ತಾನೇ ಕಂಪ್ಯೂಟರಿನಲ್ಲಿ ನೀಲಿ ಬಣ್ಣ ತುಂಬಿ ತೋರಿಸಲೆಂದು ಇಟ್ಟಿದ್ದ.

"ಹೆಂಗಿದೆ ಮೇಡಮ್? ಮೊದ್ಲು ಬಣ್ಣ ಸುರಿದ್ರೆ ನಿಲ್ತಾನೇ ಇರ್ಲಿಲ್ಲ ಕಣ್ರೀ. ಎಲ್ಲೋ ಸೋರಿ ಹಾಳೆ ತುಂಬ ನೀಲಿ! ಆಮೇಲೆ ದೊಡ್ಡದು ಮಾಡಿ ನೋಡಿದ್ರೆ, ನಿಮ್ಮಜ್ಜಿ ಬಾಲದ ಹತ್ರ ಗೀಟು ಮರೆತವ್ರೆ. ಪಾಪ, ವಯಸ್ಸಾಗಿದೆ. ನಾನೇ ಸೇರಿಸ್ದೆ."

ಕವನ ಒಂದೊಂದೇ ಹಾಳೆ ತಿರುವಿದಳು. ಎಲ್ಲ ಆನೆಗಳೂ ಬಾಗಿಲು ಮುಚ್ಚಿಕೊಂಡು ನಿಂತಿದ್ದವು. ಅವಳ ಕಣ್ಣು ತುಂಬಿ ಬಂತು.

"ಅಯ್ಯೋ, ಏನಾಯ್ತ್ರೀ? ನೀಲಿ ಇಷ್ಟ ಇಲ್ವಾ?"

ಅವಳು ಎಲ್ಲ ಹೇಳಿದಳು. ಜಗನ್ ನಗಲಿಲ್ಲ. ತಲೆ ಕೆರೆದುಕೊಂಡ. ಕರೆಯೋಲೆ ಹಂಚಲು ಭಾನುವಾರವೇ ಹೊರಡಬೇಕಿತ್ತು, ಹಾಳೆ ಮುಗಿದಿತ್ತು. ಅವನು ಡ್ರಾಯರಿನಿಂದ ವೈಟ್ನರ್ ತೆಗೆದು ಒಂದು ಆನೆಯ ಬಾಲದ ಬುಡಕ್ಕೆ ಬಳಿದ. ಆನೆ ಎಲ್ಲೋ ಜಾರಿಬಿದ್ದು ಪಟ್ಟಿ ಹಾಕಿಸಿಕೊಂಡು ಬಂದಂತೆ ಕಂಡಿತು. ಅಳುವ ನಡುವೆಯೇ ಕವನಳಿಗೆ ನಗು ಬಂತು.

ನಗುತ್ತಲೇ ಅವಳು ಮೇಜಿನ ಮೇಲಿದ್ದ ಬ್ಲೇಡು ಕೈಗೆತ್ತಿಕೊಂಡಳು. ಗೀಟು ಅಳಿಸಲಾಗದಿದ್ದರೆ ಬೇಡ, ಕತ್ತರಿಸಬಹುದಲ್ಲ. ಬಾಲದ ಬುಡದಲ್ಲಿ ಮೂರು ಕಡೆ ಸೀಳಿ, ಒಂದು ಕಡೆ ಹಾಗೇ ಬಿಟ್ಟಳು. ಉಗುರಿನಿಂದ ಮೀಟಿದರೆ ಗೀಟಿನ ಸಮೇತ ಒಂದು ಪುಟ್ಟ ಕದ ತೆರೆದುಕೊಂಡಿತು.

"ಹಿಂದುಗಡೆ ಬಾಗ್ಲಾ!" ಎಂದ ಜಗನ್. "ಸರಿ ಬಿಡಿ, ಆನೆಗೆ ಗೊತ್ತಿರ್ತದೆ."

ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಹೊತ್ತು ಮುಳುಗುವವರೆಗೂ ಕದ ತೆರೆಯುವ ಕೆಲಸ ನಡೆಯಿತು. ಹಾಳೆ ಮಡಚಿದಾಗ ಕದದ ಹಿಂದೆ ಬರೀ ಬಿಳಿ ಕಾಣುತ್ತಿತ್ತು. ಅಲ್ಲಿ ಕವನ ತನ್ನ ಗೀಚಾಟ ಶುರುಮಾಡಿದಳು: ಕದದಿಂದ ಹೊರಡುವ ಒಂದು ಸುಳಿ, ಸುಳಿಯಿಂದ ಬಳ್ಳಿ, ಬಳ್ಳಿಯಿಂದ ಅಲೆ. ಎಲ್ಲ ಮುಗಿದು ಕೊನೆಯ ಕಾರ್ಡು ಕೈಗೆ ಬಂದಾಗ ಬ್ಲೇಡು ಯಾಕೋ ಇಳಿಯಲಿಲ್ಲ. ಕೂಡಾಕಬಾರದು, ನಿಜ. ಆದರೆ ಇದೊಂದು... ಆ ಕಾರ್ಡನ್ನು ಹಾಗೇ ಬ್ಯಾಗಿಗೆ ಸೇರಿಸಿದಳು.

ಮರುದಿನ ನರಸೀಪುರದ ಮನೆಯಲ್ಲಿ ಮಹದೇವಮ್ಮ ಕಾರ್ಡಿನ ಕದ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. "ಒಳಗಿನ ಈ ಸುಳಿಸುಳಿ ಏನು?"

"ದಾರಿ ಅಜ್ಜಿ. ಹೊಳೆ ತನಕ ಬರೆದಿದೀನಿ. ಆಮೇಲೆ ಅದರ ಇಷ್ಟ."

"ನಾನು ಬರೀ ಬಾಗ್ಲ ಮಡಗಿದ್ದಿ. ನೀನು ದಾರಿನೂ ಆಕ್ದ." ಅಜ್ಜಿ ಮೊಮ್ಮಗಳ ಕೆನ್ನೆ ಸವರಿ ನೆಟಿಗೆ ಮುರಿದಳು.

ಅಷ್ಟರಲ್ಲಿ ಬಿಸ್ಕತ್ತಿಗೆಂದು ತಂಗಿಯ ಬ್ಯಾಗು ತಡಕುತ್ತಿದ್ದ ಇಂದ್ರಾಣಿ ಕೂಗಿದಳು. "ಅಜ್ಜಿ, ಕಳ್ಳಿ ಸಿಕ್ಬಿದ್ಲು! ಇಲ್ಲೊಂದಕ್ಕೆ ಬಾಗ್ಲೇ ಇಲ್ಲ!"

ಕವನಳ ಮುಖ ಕೆಂಪಾಯಿತು. "ಅದನ್ನ ಯಾರ ಮನೆಗೂ ಕೊಡಲ್ಲ ಅಜ್ಜಿ. ಅದು ನಂದು. ನೀನು ಎಲ್ಲಾನೂ ಕಳಿಸಿಬಿಡ್ತಿದ್ದೆ. ಒಂದಾದ್ರೂ ನನ್ ಹತ್ರ ಇರಲಿ ಅಂತ..."

ಮಹದೇವಮ್ಮ ಕಾರ್ಡನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದಳು. ತನ್ನ ಬೆರಳಿನ ಆನೆ ಇಷ್ಟು ಹೊತ್ತು ನಿಂತದ್ದನ್ನು ಅವಳೂ ಕಂಡಿರಲಿಲ್ಲ.

"ಮಡಿಕ," ಎಂದಳು ಕೊನೆಗೆ. "ಆದ್ರ ಇದ್ಕ ಅಸಿವಾಯ್ತದ ಕನ ಕೂಸು. ಏನಿಕ್ಕೀಯ?"

ತೊಟ್ಟಿಲಲ್ಲಿ ಮಗು ಕೊಸರಾಡಿ ಅಳತೊಡಗಿತು. ಕವನ ಎದ್ದು ಮೊರ ತಂದಳು, ಹಿಟ್ಟು ಹರಡಿದಳು. ಆನೆಯ ಕಾರ್ಡನ್ನು ತೊಟ್ಟಿಲಿಗೆ ಒರಗಿಸಿ ನಿಲ್ಲಿಸಿದಳು. ಬೆರಳು ಮೊದಲು ತಡವರಿಸಿ ಆಮೇಲೆ ಹೊರಟಿತು.

"ಒಂದೂರಲ್ಲಿ ಒಂದು ಕರಡಿ. ಅದಕ್ಕೆ ಯಾವಾಗಲೂ ಚಳಿ..."

"ಯಾಕ ಚಳಿ?" ಎಂದು ಅಜ್ಜಿ ಕಾಲು ನೀಡಿಕೊಂಡು ಕೂತಳು.

ಕರಡಿ ಟವಲ್ ಸುತ್ತಿಕೊಂಡು ಮಂಜಿನ ದೇಶ ಬಿಟ್ಟಿತು, ಕಪಿಲೆ ದಾಟಿತು, ಸಂಗಮದಲ್ಲಿ ಮಿಂದಿತು, ಕೊನೆಗೆ ಯಾರದೋ ಮನೆಯ ಒಲೆಯ ಮುಂದೆ ಬೆಚ್ಚಗೆ ಕೂತಿತು. ಕತೆ ಮುಗಿಯಿತು. ಕವನ ಮೊರ ಹಿಡಿದು ಒಂದು ಗಳಿಗೆ ಅಜ್ಜಿಯ ಮುಖ ನೋಡಿದಳು. ಆಮೇಲೆ ತಾನೇ ಕೊಡವಿದಳು.

ಮಗು ನಿದ್ದೆ ಹೋಗಿತ್ತು. ತೊಟ್ಟಿಲಿಗೆ ಒರಗಿದ ಆನೆ ಮಾತ್ರ ಎದ್ದೇ ಇತ್ತು.

"ನಾಳಕ್ಕೂ ಒಂದ್ ಕತ ಮಡಗಿರು," ಎಂದಳು ಮಹದೇವಮ್ಮ, ಹಿಟ್ಟಿನ ಮೊರ ಎತ್ತಿಕೊಂಡು ಅಡಿಗೆಮನೆಗೆ ನಡೆಯುತ್ತಾ. "ನಿನ್ ಆನ ಕೇಳ್ತದ."